ರಿವರ್ಸ್ ಪ್ರಾಕ್ಸಿ ಮತ್ತು ಒಮ್ಮೆಗೇ ನುಗ್ಗುವ ರಿಕ್ವೆಸ್ಟ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಬೆಳಗಾವಿಯ ತಿಲಕವಾಡಿಯಲ್ಲಿ ಕೂತು ಕೆಲಸ ಮಾಡುವ ಐದು ಮಂದಿಯ ತಂಡ. ಗಿರಾಕಿಗಳಲ್ಲಿ ಹೆಚ್ಚಿನವರು ಬಾಗಲಕೋಟೆ, ವಿಜಯಪುರ ಕಡೆಯವರು: ಸಕ್ಕರೆ ಕಾರ್ಖಾನೆ, ಪತ್ತಿನ ಸಂಘ, ಒಂದೆರಡು ಕಾಲೇಜು. ತಂಡಕ್ಕೆ ಹೊಸಬರು ಬಂದಾಗಲೆಲ್ಲ, ಗಿರಾಕಿಗಳ ಕಂಪ್ಯೂಟರ್ ವಿಭಾಗದವರು ಫೋನ್ ಮಾಡಿದಾಗಲೆಲ್ಲ ಅವೇ ಪ್ರಶ್ನೆಗಳು. ಬೋರ್ಡಿನ ಮೇಲೆ ಬರೆದು ಅಳಿಸಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ. ಉದಾಹರಣೆಗಳು ಬಹುತೇಕ ಕಬ್ಬಿನ ಯಾರ್ಡಿನವು. ಓದುವವರೆಲ್ಲ ಒಂದಲ್ಲ ಒಂದು ಹಂಗಾಮಿನಲ್ಲಿ ಅದನ್ನು ನೋಡಿದವರೇ. ನಾವು ಹೆಚ್ಚು ಬಳಸುವ ಪ್ರಾಕ್ಸಿ ತಂತ್ರಾಂಶ ಎಂಜಿನ್‌ಎಕ್ಸ್, ಆಗೀಗ ಎಚ್‌ಎಪ್ರಾಕ್ಸಿ, ಅಂಕಿಗಳೆಲ್ಲ ಅವುಗಳವು.

ರಿವರ್ಸ್ ಪ್ರಾಕ್ಸಿ ಅಂದರೇನು, ಒಂದೇ ಮಾತಿನಲ್ಲಿ ಹೇಳಿ.

ಹೊರಗಿನ ಮಂದಿಗೂ ನಿಮ್ಮ ಸರ್ವರ್‌ಗಳಿಗೂ ನಡುವೆ ಗೇಟಿನಲ್ಲಿ ನಿಂತವನು. ಬ್ರೌಸರ್ ಅವನ ಜೊತೆಗಷ್ಟೇ ಮಾತಾಡುತ್ತದೆ. ಒಳಗೆ ಯಾವ ಸರ್ವರ್ ದುಡಿಯಿತು ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ.

ಪ್ರಾಕ್ಸಿ ಹಾಕಿದ್ರ ಸೈಟ್ ಫಾಸ್ಟ್ ಆಗ್ತೈತೇನ್ರಿ?

ಇಲ್ಲ. ಇದೊಂದು ತಪ್ಪು ತಿಳಿವಳಿಕೆ ಹೋದರೆ ಉಳಿದ ಅರ್ಧ ಪ್ರಶ್ನೆಗಳು ತಾವಾಗಿಯೇ ಹೋಗುತ್ತವೆ.

ಕಬ್ಬು ನುರಿಸುವ ಹಂಗಾಮು ಶುರುವಾದ ಮೇಲೆ ಮುಧೋಳ, ಜಮಖಂಡಿ ಕಡೆಯ ರಸ್ತೆಗಳಲ್ಲಿ ಸಂಜೆ ಹೊತ್ತು ಬೈಕ್ ಓಡಿಸಿದವರಿಗೆ ಗೊತ್ತು. ಎರಡೆರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಪಾಳಿ ಹಚ್ಚಿ ನಿಂತಿರುತ್ತವೆ. ಕಾರ್ಖಾನೆ ದಿನಕ್ಕೆ ಎಷ್ಟು ಟನ್ ನುರಿಸಬಲ್ಲದೋ ಅಷ್ಟನ್ನೇ ನುರಿಸುತ್ತದೆ. ಗೇಟಿನವನು ಎಷ್ಟು ಚುರುಕಾದರೂ ಗಿರಣಿಯ ರೋಲರ್ ಜೋರಾಗಿ ತಿರುಗುವುದಿಲ್ಲ. ಅವನ ಕೈಲಿರುವುದು ಪಾಳಿ ಎಲ್ಲಿ ನಿಲ್ಲಬೇಕು ಎಂಬ ತೀರ್ಮಾನ ಒಂದೇ. ಹೆದ್ದಾರಿಯ ಮೇಲೋ, ಯಾರ್ಡಿನ ಒಳಗೋ, ತೂಕದ ಕಾಟಾದ ಮುಂದೋ, ಇಲ್ಲ ಎಲ್ಲರನ್ನೂ ಒಮ್ಮೆಗೇ ಒಳಗೆ ಬಿಟ್ಟು ಗಿರಣಿಯ ಬಾಯಿಯ ಹತ್ತಿರವೋ. ಕೊನೆಯದನ್ನು ಮಾಡಿದರೆ ಏನಾಗುತ್ತದೆ ಎಂದು ಯಾವ ಡ್ರೈವರ್‌ನನ್ನು ಕೇಳಿದರೂ ಹೇಳುತ್ತಾನೆ: ಹಿಂದೆ ಮುಂದೆ ಸರಿಯಲು ಜಾಗವಿಲ್ಲದೆ, ಖಾಲಿಯಾದ ಗಾಡಿ ಹೊರಬರಲಾಗದೆ, ನುರಿಸುವ ಕೆಲಸವೇ ನಿಲ್ಲುತ್ತದೆ.

ಬ್ಯಾಕೆಂಡ್, ಅಂದರೆ ಒಳಗೆ ದುಡಿಯುವ ಸರ್ವರ್, ಗಿರಣಿ. ಪ್ರಾಕ್ಸಿ ಗೇಟು. ಪಾಳಿ ಮಾಯವಾಗುವುದಿಲ್ಲ, ಜಾಗ ಬದಲಿಸುತ್ತದೆ ಅಷ್ಟೇ.

ಒಂದೇ ವರ್ಕರ್ ಪ್ರೊಸೆಸ್ ಸಾವಿರಾರು ಮಂದಿಯನ್ನು ಹೇಗೆ ಸಂಭಾಳಿಸುತ್ತದೆ?

ವರ್ಕರ್ ಎಂದರೆ ರಿಕ್ವೆಸ್ಟ್‌ಗಳ ಕೆಲಸ ಮಾಡುವ ಪ್ರೊಸೆಸ್. ಹಳೆಯ ಕ್ರಮದಲ್ಲಿ ಒಂದು ಕನೆಕ್ಷನ್‌ಗೆ ಒಂದು ಪ್ರೊಸೆಸ್ ಅಥವಾ ಒಂದು ಥ್ರೆಡ್. ಪ್ರತಿ ಟ್ರ್ಯಾಕ್ಟರಿನ ಜೊತೆ ಒಬ್ಬೊಬ್ಬ ಆಳು ಕೊನೆತನಕ ನಡೆದ ಹಾಗೆ. ಗಾಡಿ ನಿಂತರೆ ಆಳೂ ನಿಂತ, ಅವನ ಕೂಲಿ ಮಾತ್ರ ನಡೆಯುತ್ತಲೇ ಇರುತ್ತದೆ. ಅಪಾಚೆ ಎಂಬ ವೆಬ್ ಸರ್ವರ್‌ನ ಪ್ರಿಫೋರ್ಕ್ ಬಗೆ ಹೀಗೆಯೇ. ಅದರ ವರ್ಕರ್ ಮಿತಿ ಬದಲಿಸದಿದ್ದರೆ 256. 1999ರಲ್ಲಿ ಡ್ಯಾನ್ ಕೆಗೆಲ್ ಎಂಬವರು ಒಂದು ಯಂತ್ರ ಒಮ್ಮೆಗೆ ಹತ್ತು ಸಾವಿರ ಕನೆಕ್ಷನ್ ಹಿಡಿದುಕೊಳ್ಳುವುದು ಹೇಗೆ ಎಂದು ಕೇಳಿ, ಆ ಪ್ರಶ್ನೆಗೆ ಸಿ-10-ಕೆ ಎಂದು ಹೆಸರಿಟ್ಟರು. ರಷ್ಯಾದ ಇಗೊರ್ ಸಿಸೊಯೆವ್ 2002ರಲ್ಲಿ ಬರೆಯಲು ಶುರುಮಾಡಿ 2004ರ ಅಕ್ಟೋಬರಿನಲ್ಲಿ ಹೊರತಂದ ಎಂಜಿನ್‌ಎಕ್ಸ್ ಆ ಪ್ರಶ್ನೆಗೆ ಸಿಕ್ಕ ಉತ್ತರಗಳಲ್ಲಿ ಒಂದು.

ಅದರ ಗೇಟಿನವನು ಯಾರ ಜೊತೆಗೂ ನಡೆಯುವುದಿಲ್ಲ. ಕೈಯಲ್ಲಿ ಒಂದು ವಹಿ ಹಿಡಿದು ಕೂತಿರುತ್ತಾನೆ. ಯಾವ ಸಾಕೆಟ್‌ನಲ್ಲಿ (ಕನೆಕ್ಷನ್‌ನ ನಮ್ಮ ಕಡೆಯ ತುದಿ) ಓದಲು ಏನಾದರೂ ಬಂದಿದೆ, ಯಾವುದಕ್ಕೆ ಬರೆಯಲು ಜಾಗವಾಗಿದೆ ಎಂದು ಲಿನಕ್ಸ್‌ನ ತಿರುಳಾದ ಕರ್ನಲ್ ಎಪೋಲ್ ಎಂಬ ಸೌಲಭ್ಯದ ಮೂಲಕ ಅವನಿಗೆ ಹೇಳುತ್ತದೆ. ಕೂಗಿದವರ ಹತ್ತಿರ ಹೋಗಿ ಅರೆಕ್ಷಣದ ಕೆಲಸ ಮುಗಿಸಿ ಮುಂದಿನವರ ಕಡೆ ತಿರುಗುತ್ತಾನೆ. ಇದಕ್ಕೇ ಇವೆಂಟ್ ಲೂಪ್ ಎನ್ನುವುದು. ಸುಮ್ಮನೆ ತೆರೆದಿಟ್ಟ 10,000 ಕನೆಕ್ಷನ್‌ಗಳಿಗೆ ಸುಮಾರು 2.5 ಎಂಬಿ ಮೆಮೊರಿ ಸಾಕು ಎಂದು ಎಂಜಿನ್‌ಎಕ್ಸ್ ಮಾಡಿದವರೇ ಹೇಳಿಕೊಳ್ಳುತ್ತಾರೆ. ಬ್ಯಾಕೆಂಡ್‌ನಲ್ಲಿ ಓಡುವ ನಮ್ಮ ಪಿಎಚ್‌ಪಿ ಪ್ರೊಸೆಸ್ ಒಂದೊಂದೂ 40 ಎಂಬಿ ತಿನ್ನುತ್ತಿತ್ತು. 200 ಪ್ರೊಸೆಸ್ ಎದ್ದರೆ 8 ಜಿಬಿ.

ಪ್ರಾಕ್ಸಿ ಕಾಯುವುದು ಅಗ್ಗ, ಬ್ಯಾಕೆಂಡ್ ಕಾಯುವುದು ತುಟ್ಟಿ. ಕಾಯುವ ಕೆಲಸವನ್ನೆಲ್ಲ ಅಗ್ಗದವನ ಕೈಗೆ ಕೊಡಬೇಕು ಎಂಬುದೇ ಇಲ್ಲಿನ ವ್ಯಾಪಾರ.

ಎಂಜಿನ್‌ಎಕ್ಸ್ ಸೆಟ್ಟಿಂಗ್‌ನಲ್ಲಿ ವರ್ಕರ್ ಕನೆಕ್ಷನ್ಸ್ 1024 ಅಂತ ಇದೆ. ಹಾಗಾದರೆ 1024 ಮಂದಿಯೇ?

ಒಂದು ವರ್ಕರ್‌ಗೆ 1024. ಪ್ರೊಸೆಸರ್‌ನಲ್ಲಿ ನಾಲ್ಕು ಕೋರ್ ಇದ್ದು ವರ್ಕರ್ ಸಂಖ್ಯೆಯನ್ನು ಆಟೋ ಎಂದು ಬಿಟ್ಟಿದ್ದರೆ ಒಟ್ಟು 4096. ಅದರಲ್ಲೂ ಪ್ರಾಕ್ಸಿ ಕೆಲಸಕ್ಕೆ ಒಬ್ಬ ಬಳಕೆದಾರನಿಗೆ ಎರಡು ಕನೆಕ್ಷನ್ ಖರ್ಚು: ಅವನ ಕಡೆಗೊಂದು, ಬ್ಯಾಕೆಂಡ್ ಕಡೆಗೊಂದು. ಅಲ್ಲಿಗೆ ಸುಮಾರು ಅರ್ಧ. ಇದನ್ನು ಏರಿಸುವಾಗ ಒಂದು ಪ್ರೊಸೆಸ್ ಎಷ್ಟು ಫೈಲ್ ತೆರೆಯಬಹುದು ಎಂಬ ಲಿನಕ್ಸ್ ಮಿತಿಯನ್ನೂ ಏರಿಸಬೇಕು. ಎಷ್ಟೋ ಕಡೆ ಅದು ಇನ್ನೂ 1024ರಲ್ಲೇ ಇರುತ್ತದೆ, ಸಾಕೆಟ್ಟೂ ಲಿನಕ್ಸ್‌ಗೆ ಫೈಲೇ.

ಸಿಗ್ನಲ್ ಸಿಗದ ಹಳ್ಳಿಯಿಂದ ನೋಡುವ ರೈತನಿಂದ ಸರ್ವರ್‌ಗೆ ತೊಂದರೆ ಇದೆಯೇ?

ಪ್ರಾಕ್ಸಿ ಇಲ್ಲದಿದ್ದರೆ ಇದೆ, ಮತ್ತು ಆ ತೊಂದರೆ ಕಣ್ಣಿಗೆ ಕಾಣುವುದಿಲ್ಲ. ಹಿನ್ನೀರಿನ ಬದಿಯ ಊರೊಂದರಲ್ಲಿ ಟವರಿನ ಒಂದೇ ಗೆರೆ ಇರುವ ಫೋನು. ನಮ್ಮ ಪುಟ 300 ಕೆಬಿ, ಅವನಿಗೆ ಸೆಕೆಂಡಿಗೆ 20 ಕೆಬಿ ಇಳಿಯುತ್ತದೆ. ಹದಿನೈದು ಸೆಕೆಂಡು. ಬ್ಯಾಕೆಂಡ್ ನೇರವಾಗಿ ಅವನ ಜೊತೆ ಮಾತಾಡುತ್ತಿದ್ದರೆ ಆ ಹದಿನೈದು ಸೆಕೆಂಡೂ ಒಂದು 40 ಎಂಬಿಯ ಪ್ರೊಸೆಸ್ ಅವನಿಗಾಗಿ ನಿಂತಿರುತ್ತದೆ, ಮಾಡಬೇಕಾದ ಲೆಕ್ಕ 100 ಮಿಲಿಸೆಕೆಂಡಿನಲ್ಲೇ ಮುಗಿದಿದ್ದರೂ.

ಎಂಜಿನ್‌ಎಕ್ಸ್ ನಡುವೆ ಇದ್ದರೆ ಬ್ಯಾಕೆಂಡ್ ಕೊಟ್ಟ ಉತ್ತರವನ್ನು ಅದು ಗಬಕ್ಕನೆ ಇಸಿದುಕೊಂಡು ಬಫರ್ ಎಂಬ ತಾತ್ಕಾಲಿಕ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಬ್ಯಾಕೆಂಡ್ ಕೈ ತೊಳೆದುಕೊಂಡು ಮುಂದಿನ ಕೆಲಸಕ್ಕೆ ಹೋಗುತ್ತದೆ. ಒಂದು ಕನೆಕ್ಷನ್‌ಗೆ ಎಂಟು ಬಫರ್, ಯಂತ್ರಕ್ಕೆ ತಕ್ಕಂತೆ ಒಂದೊಂದೂ 4 ಅಥವಾ 8 ಕೆಬಿ. ಅದರಲ್ಲಿ ಹಿಡಿಸದ್ದು ಡಿಸ್ಕಿನ ತಾತ್ಕಾಲಿಕ ಫೈಲಿಗೆ. ಎರರ್ ಲಾಗ್‌ನಲ್ಲಿ ಈ ತಾತ್ಕಾಲಿಕ ಫೈಲಿನ ಎಚ್ಚರಿಕೆ ಪದೇ ಪದೇ ಕಂಡರೆ ಬಫರ್ ದೊಡ್ಡದು ಮಾಡುವ ಹೊತ್ತು ಬಂದಿದೆ ಎಂದು ತಿಳಿಯಿರಿ. ಮೇಲೇರಿಸುವ ಕಡೆಯೂ ಹೀಗೆಯೇ: ರೈತ ಪಹಣಿಯ ಫೋಟೊ ಕಳಿಸುತ್ತಿದ್ದರೆ ಅದು ಪೂರ್ತಿ ಬರುವತನಕ ಎಂಜಿನ್‌ಎಕ್ಸ್ ಬ್ಯಾಕೆಂಡ್ ಬಾಗಿಲನ್ನು ಬಡಿಯುವುದೇ ಇಲ್ಲ. (ಫೋಟೊ 1 ಎಂಬಿ ದಾಟಿದರೆ 413 ಎಂದು ವಾಪಸ್ ಕಳಿಸುತ್ತದೆ. ಆ ಮಿತಿಯನ್ನು ನೀವೇ ಏರಿಸಬೇಕು. ವಾರಕ್ಕೊಮ್ಮೆಯಾದರೂ ಈ ಫೋನ್ ಬರುತ್ತದೆ.)

ಬಫರಿಂಗ್ ಬೇಡವಾದ ಜಾಗವೂ ಉಂಟು. ಕಾಟಾದ ತೂಕ ಪರದೆಯ ಮೇಲೆ ಕ್ಷಣಕ್ಷಣಕ್ಕೂ ಬದಲಾಗುತ್ತಾ ಕಾಣಬೇಕಾದರೆ ಪ್ರಾಕ್ಸಿ ಹಿಡಿದಿಟ್ಟುಕೊಂಡು ಗುಂಪಾಗಿ ಕಳಿಸಿದರೆ ನಡೆಯದು. ಅಂಥ ಒಂದು ವಿಳಾಸಕ್ಕಷ್ಟೇ ಅದನ್ನು ಆಫ್ ಮಾಡಿ, ಇಡೀ ಸೈಟಿಗಲ್ಲ.

ನಮ್ಮ ಬ್ಯಾಕೆಂಡ್‌ನಲ್ಲಿ 20 ವರ್ಕರ್ ಇವೆ. ಸೆಕೆಂಡಿಗೆ ಎಷ್ಟು ರಿಕ್ವೆಸ್ಟ್ ತಾಳೀತು?

ಒಂದು ರಿಕ್ವೆಸ್ಟ್‌ಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಹೇಳದೆ ಉತ್ತರವಿಲ್ಲ. ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ಸರಳ ನಿಯಮ: ಒಳಗಿರುವವರ ಸಂಖ್ಯೆ ಎಂದರೆ ಬರುವ ವೇಗ ಗುಣಿಸು ಒಬ್ಬೊಬ್ಬರು ಒಳಗೆ ಇರುವ ಹೊತ್ತು. 20 ವರ್ಕರ್, ತಲಾ 200 ಮಿಲಿಸೆಕೆಂಡು ಎಂದರೆ ಸೆಕೆಂಡಿಗೆ 100. ಸೆಕೆಂಡಿಗೆ 80 ಬರುತ್ತಿದ್ದರೆ ಆರಾಮ.

ಈಗ ಡೇಟಾಬೇಸ್ ಯಾಕೋ ಮಂಕಾಯಿತು, 200 ಮಿಲಿಸೆಕೆಂಡಿನ ಕೆಲಸ 2 ಸೆಕೆಂಡಾಯಿತು ಎನ್ನಿ. ಅದೇ 20 ವರ್ಕರ್ ಈಗ ಸೆಕೆಂಡಿಗೆ ಬರೀ 10 ಮುಗಿಸುತ್ತವೆ. ಬರುವುದು 80, ಹೋಗುವುದು 10. ಸೆಕೆಂಡಿಗೆ 70ರಂತೆ ಪಾಳಿ ಬೆಳೆದು ಒಂದು ನಿಮಿಷಕ್ಕೆ 4,200 ಆಗುತ್ತದೆ. ಆ ಪಾಳಿಯ ಕೊನೆಯವನ ಸರದಿ ಬರಲು 420 ಸೆಕೆಂಡು, ಅಂದರೆ ಏಳು ನಿಮಿಷ. ಏಳು ನಿಮಿಷ ಕಾಯುವ ಮನುಷ್ಯನನ್ನು ನಾನು ಕಾಟಾದ ಮುಂದೆ ಕಂಡಿದ್ದೇನೆ, ಮೊಬೈಲ್ ಮುಂದೆ ಕಂಡಿಲ್ಲ. ಇದರಲ್ಲಿ ಗಮನಿಸಿ: ಬಂದ ಮಂದಿ ಹೆಚ್ಚಾಗಿಲ್ಲ. ಹೊತ್ತು ಹೆಚ್ಚಾಯಿತು, ಅಷ್ಟಕ್ಕೇ ಕೆಟ್ಟಿತು.

ಹಾಗಾದರೆ ವರ್ಕರ್‌ಗಳನ್ನು 200 ಮಾಡಿದರೆ ಮುಗಿಯಿತಲ್ಲ?

ನಾವೂ ಹೀಗೆಯೇ ಅಂದುಕೊಂಡಿದ್ದೆವು. ಒಂದು ಕಾರ್ಖಾನೆಗೆ ಕಬ್ಬಿನ ಬಿಲ್ ನೋಡುವ ಸೈಟ್ ಮಾಡಿಕೊಟ್ಟಿದ್ದೆವು. ಬಿಲ್ ಜಮಾ ಆದ ದಿನ ಬೆಳಿಗ್ಗೆ ಹತ್ತಕ್ಕೆ ಎಲ್ಲ ರೈತರಿಗೂ ಒಂದೇ ಏಟಿಗೆ ಮೆಸೇಜ್ ಹೋಯಿತು, ಕೆಳಗೆ ಸೈಟಿನ ಲಿಂಕು. ಹತ್ತೂ ಐದಕ್ಕೆ 504, ಹತ್ತೂ ಎಂಟಕ್ಕೆ 502 (ಈ ದೋಷ ಸಂಖ್ಯೆಗಳ ಅರ್ಥ ಮುಂದಿನ ಪ್ರಶ್ನೆಯಲ್ಲಿದೆ). ಗಾಬರಿಯಲ್ಲಿ ನಾನೇ ಪಿಎಚ್‌ಪಿ ಪ್ರೊಸೆಸ್‌ಗಳನ್ನು ನಡೆಸುವ ಪಿಎಚ್‌ಪಿ-ಎಫ್‌ಪಿಎಂನ ವರ್ಕರ್ ಮಿತಿಯನ್ನು 20ರಿಂದ 200ಕ್ಕೆ ಏರಿಸಿದೆ. ಎರಡು ನಿಮಿಷ ಸೈಟ್ ಉಸಿರಾಡಿತು. ಆಮೇಲೆ ನಮ್ಮ ಡೇಟಾಬೇಸ್ ಮೈಎಸ್‌ಕ್ಯೂಎಲ್ ಕೈ ಎತ್ತಿತು. ಯಾರೂ ಬದಲಿಸದಿದ್ದರೆ ಅದರ ಕನೆಕ್ಷನ್ ಮಿತಿ 151. ಅದನ್ನೂ ಏರಿಸಿದೆ. ಈಗ ಇನ್ನೂರು ಕ್ವೆರಿಗಳು ಒಂದೇ ಡಿಸ್ಕಿಗೆ ಜಗ್ಗಾಡಿ, 200 ಮಿಲಿಸೆಕೆಂಡಿನದು ಒಂಬತ್ತು ಸೆಕೆಂಡಾಯಿತು. ಮೆಮೊರಿ ತುಂಬಿ, ಡಿಸ್ಕನ್ನೇ ಮೆಮೊರಿಯಾಗಿ ಬಳಸುವ ಸ್ವಾಪ್ ಶುರುವಾದ ಮೇಲೆ ಸರ್ವರ್‌ಗೆ ಲಾಗಿನ್ ಆಗುವುದಕ್ಕೂ ಆಗಲಿಲ್ಲ.

ಮಧ್ಯಾಹ್ನ ಮಾಡಿದ ಕೆಲಸ ಇಷ್ಟೇ. ವರ್ಕರ್‌ಗಳನ್ನು 24ಕ್ಕೆ ಇಳಿಸಿದೆವು. ಎಲ್ಲರೂ ನೋಡುವ ಮುಖಪುಟ ಮತ್ತು ಊರುವಾರು ಪಟ್ಟಿಯನ್ನು ಪ್ರಾಕ್ಸಿಯಲ್ಲೇ ಹತ್ತು ಸೆಕೆಂಡು ಕ್ಯಾಶ್ ಮಾಡಿದೆವು, ಅಂದರೆ ಒಮ್ಮೆ ಬಂದ ಉತ್ತರದ ಪ್ರತಿಯನ್ನೇ ಎಲ್ಲರಿಗೂ ಕೊಟ್ಟೆವು. ಬಿಲ್ ಹುಡುಕುವ ಕ್ವೆರಿಗೆ ಇಲ್ಲದಿದ್ದ ಇಂಡೆಕ್ಸ್ (ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಸೂಚಿ) ಒಂದನ್ನು ಹಾಕಿದೆವು. ನಿಜ ಹೇಳಬೇಕೆಂದರೆ ಆ ಇಂಡೆಕ್ಸ್ ಮೊದಲೇ ಇದ್ದಿದ್ದರೆ ಈ ಪ್ರಶ್ನೋತ್ತರದ ಅರ್ಧ ನಾನು ಕಲಿಯುತ್ತಲೇ ಇರಲಿಲ್ಲ. ಮುಂದಿನ ಸಲ ಮೆಸೇಜ್‌ಗಳನ್ನು ತಾಲ್ಲೂಕುವಾರು ಅರ್ಧರ್ಧ ಗಂಟೆ ಬಿಟ್ಟು ಕಳಿಸಲು ಹೇಳಿದೆವು. ಅದಕ್ಕೆ ಒಂದು ಸಾಲು ಕೋಡ್ ಕೂಡ ಬೇಕಾಗಲಿಲ್ಲ.

502, 503, 504, 499: ಯಾವುದು ಯಾರ ತಪ್ಪು?

502 ಎಂದರೆ ಪ್ರಾಕ್ಸಿ ಬ್ಯಾಕೆಂಡ್ ಬಾಗಿಲು ಬಡಿದಾಗ ಬಾಗಿಲು ಮುಚ್ಚಿತ್ತು, ಅಥವಾ ಮಾತಿನ ನಡುವೆ ಮುಖದ ಮೇಲೆ ಹಾಕಿದರು. 504 ಎಂದರೆ ಬಾಗಿಲು ತೆರೆದಿತ್ತು, ಉತ್ತರ ಬರಲಿಲ್ಲ. 503 ಎಂದರೆ ಸದ್ಯಕ್ಕೆ ಆಗದು ಎಂದು ತಿಳಿದೇ ಹೇಳಿದ್ದು. ಈ ಮೂರರಲ್ಲಿ ನನಗೆ 503 ಇಷ್ಟ, ಅದರಲ್ಲಿ ಪ್ರಾಮಾಣಿಕತೆ ಇದೆ.

499 ನಿಮಗೆ ಲಾಗ್‌ನಲ್ಲಿ ಮಾತ್ರ ಕಾಣುತ್ತದೆ. ಇದು ಎಂಜಿನ್‌ಎಕ್ಸ್ ತನಗಾಗಿ ಮಾಡಿಕೊಂಡ ಸಂಖ್ಯೆ: ಉತ್ತರ ಸಿದ್ಧವಾಗುವ ಮೊದಲೇ ಕೇಳಿದವನು ಎದ್ದುಹೋದ. ಕಡಿದ ಕಬ್ಬು ಪಾಳಿಯಲ್ಲಿ ನಿಂತಷ್ಟೂ ಒಣಗಿ ತೂಕವೂ ಸಕ್ಕರೆಯ ಅಂಶವೂ ಇಳಿಯುತ್ತವಲ್ಲ, ರಿಕ್ವೆಸ್ಟ್ ಕೂಡ ಹಾಗೆಯೇ ಒಣಗುತ್ತದೆ. ಕೇಡೇನೆಂದರೆ ಬಳಕೆದಾರ ಹೋದರೂ ಬ್ಯಾಕೆಂಡ್‌ಗೆ ಅದು ತಿಳಿಯುವುದು ತಡವಾಗಿ. ಪ್ರಾಕ್ಸಿ ಆ ಕಡೆಯ ಕನೆಕ್ಷನ್ ಮುಚ್ಚುತ್ತದೆ, ಆದರೆ ಪಿಎಚ್‌ಪಿ ಏನನ್ನಾದರೂ ಹೊರಗೆ ಬರೆಯಲು ಹೋದಾಗಲೇ ಕೇಳುವವರಿಲ್ಲ ಎಂದು ಅರಿಯುತ್ತದೆ. ಅಷ್ಟರಲ್ಲಿ ಅವನು ರಿಫ್ರೆಶ್ ಒತ್ತಿ ಹೊಸ ರಿಕ್ವೆಸ್ಟ್ ಆಗಿ ಮತ್ತೆ ಪಾಳಿಯ ಹಿಂದೆ ಬಂದು ನಿಂತಿರುತ್ತಾನೆ. ನಮ್ಮ ಆ ಬೆಳಿಗ್ಗೆಯ ಲಾಗ್ ತುಂಬಾ 499.

ಬ್ಯಾಕೆಂಡ್ ಪೂರ್ತಿ ತುಂಬಿದಾಗ ರಿಕ್ವೆಸ್ಟ್‌ಗಳು ನಿಜವಾಗಿ ಎಲ್ಲಿ ಕಾಯುತ್ತಿರುತ್ತವೆ?

ಒಳ್ಳೆಯ ಪ್ರಶ್ನೆ, ಕೇಳುವವರು ಕಡಿಮೆ. ಬಹಳ ಸಲ ಅವು ಪ್ರಾಕ್ಸಿಯ ಪಾಳಿಯಲ್ಲೂ ಇರುವುದಿಲ್ಲ, ನಿಮ್ಮ ಅಪ್ಲಿಕೇಶನ್‌ನಲ್ಲೂ ಇರುವುದಿಲ್ಲ. ನಡುವೆ, ಕರ್ನಲ್‌ನ ಬ್ಯಾಕ್‌ಲಾಗ್‌ನಲ್ಲಿ ಇರುತ್ತವೆ. ವರ್ಕರ್ ಯಾವುದೂ ಬಿಡುವಾಗಿಲ್ಲದಿದ್ದರೂ ಕರ್ನಲ್ ಕನೆಕ್ಷನ್ ಒಪ್ಪಿಕೊಂಡು ಸಾಲಿಗೆ ಹಚ್ಚಿರುತ್ತದೆ. ಯಾರ್ಡಿನ ವಹಿಯಲ್ಲಿ ಬರೆಯದ, ಗೇಟಿನಾಚೆ ಹೆದ್ದಾರಿಯ ಮೇಲೆ ನಿಂತ ಪಾಳಿ ಇದು. ಅಪ್ಲಿಕೇಶನ್‌ನ ಗ್ರಾಫ್‌ನಲ್ಲಿ ಎಲ್ಲ ಸರಿ ಕಾಣುತ್ತದೆ, ಏಕೆಂದರೆ ಅದು ಒಳಗೆ ಬಂದ ಮೇಲಿನ ಹೊತ್ತನ್ನಷ್ಟೇ ಅಳೆಯುತ್ತದೆ.

ಆ ಸಾಲಿಗೂ ಮಿತಿ ಇದೆ. ಲಿನಕ್ಸ್‌ನಲ್ಲಿ ಒಟ್ಟಾರೆ ಮೇಲ್ಮಿತಿ 5.4ನೇ ಆವೃತ್ತಿಯ ಮೊದಲು 128 ಇತ್ತು, ಈಗ 4096. ಪ್ರಾಕ್ಸಿಯನ್ನೂ ಬ್ಯಾಕೆಂಡನ್ನೂ ಒಂದೇ ಯಂತ್ರದೊಳಗಿನ ಯುನಿಕ್ಸ್ ಸಾಕೆಟ್ ಮೂಲಕ ಜೋಡಿಸಿದ್ದರೆ ಸಾಲು ತುಂಬಿದೊಡನೆ ನಿರಾಕರಣೆ, ತಟ್ಟನೆ 502. ಜಾಲದ ಟಿಸಿಪಿ ಮೂಲಕ ಜೋಡಿಸಿದ್ದರೆ ಹೊಸ ಪ್ಯಾಕೆಟ್ ಮೌನವಾಗಿ ಬಿದ್ದುಹೋಗಿ, ಪ್ರಾಕ್ಸಿ ಮತ್ತೆ ಮತ್ತೆ ಯತ್ನಿಸಿ, ಕೊನೆಗೆ 504. ಒಂದೇ ರೋಗಕ್ಕೆ ಎರಡು ಲಕ್ಷಣ. ಇಬ್ಬರು ಹುಡುಗರು ಇದೇ ವಿಷಯಕ್ಕೆ ಒಂದು ಇಡೀ ಸಂಜೆ ವಾದ ಮಾಡಿದ್ದರು, ಇಬ್ಬರದೂ ಸರಿಯಿತ್ತು.

ಪ್ರಾಕ್ಸಿಯಲ್ಲೇ ಪಾಳಿ ಹಚ್ಚಿಸಲು ಬರುತ್ತದೆಯೇ?

ಎಚ್‌ಎಪ್ರಾಕ್ಸಿಯಲ್ಲಿ ಚೆನ್ನಾಗಿ ಬರುತ್ತದೆ. ವಿಲ್ಲಿ ಟಾರೋ ಎಂಬವರು 2001ರಲ್ಲಿ ಹೊರತಂದ ಈ ಪ್ರಾಕ್ಸಿಯಲ್ಲಿ ಪ್ರತಿ ಸರ್ವರ್‌ಗೂ ಮ್ಯಾಕ್ಸ್‌ಕಾನ್ ಎಂದು ಒಂದು ಮಿತಿ ಹಾಕಬಹುದು. 24 ಎಂದರೆ 24ನ್ನೇ ಒಳಗೆ ಬಿಡುತ್ತದೆ, ಉಳಿದವು ಅದರದೇ ಪಾಳಿಯಲ್ಲಿ. ಪಾಳಿಯ ಟೈಮ್‌ಔಟ್ ಮೀರಿದರೆ 503. ಎಷ್ಟು ಮಂದಿ ನಿಂತಿದ್ದಾರೆ ಎಂದು ಅಂಕಿಅಂಶದ ಪುಟದಲ್ಲಿ ಕಾಣುತ್ತದೆ. ಪಾಳಿ ಕಣ್ಣಿಗೆ ಬೀಳುವುದೇ ದೊಡ್ಡ ಲಾಭ.

ಉಚಿತ ಎಂಜಿನ್‌ಎಕ್ಸ್‌ನಲ್ಲಿ ಮ್ಯಾಕ್ಸ್ ಕಾನ್ಸ್ ಎಂಬ ಮಿತಿ 1.11.5ನೇ ಆವೃತ್ತಿಯಿಂದ ಇದೆ, ಆದರೆ ಪಾಳಿ ಇಲ್ಲ. ಅದು ಹಣ ಕೊಡುವ ಆವೃತ್ತಿಯಲ್ಲಿದೆ. ಮಿತಿ ಮುಟ್ಟಿದರೆ ಕಾಯಿಸದೆ 502 ಕೊಡುತ್ತದೆ. ಇನ್ನೊಂದು ಬಲೆ: ಹಂಚಿಕೆಯ ಮೆಮೊರಿಗೆ ಝೋನ್ ಎಂಬ ಸಾಲು ಬರೆಯದಿದ್ದರೆ ಆ ಮಿತಿ ಪ್ರತಿ ವರ್ಕರ್‌ಗೂ ಬೇರೆ ಬೇರೆ. 24 ಎಂದು ಬರೆದು, ನಾಲ್ಕು ವರ್ಕರ್ ಸೇರಿ 96 ಒಳಗೆ ಬಿಟ್ಟಾಗ ತಲೆ ಕೆರೆದುಕೊಂಡಿದ್ದೇವೆ.

ಎರಡು ಬ್ಯಾಕೆಂಡ್ ಇವೆ. ರೌಂಡ್ ರಾಬಿನ್ ಸಾಕೇ?

ರಿಕ್ವೆಸ್ಟ್‌ಗಳೆಲ್ಲ ಒಂದೇ ತೂಕದವಾದರೆ ಸಾಕು. ಒಬ್ಬನಿಗೊಂದು ಇನ್ನೊಬ್ಬನಿಗೊಂದು ಎಂದು ಹಂಚುತ್ತಾ ಹೋಗುತ್ತದೆ. ಆದರೆ ಒಂದು ಕಡೆಗೆ ಹಂಗಾಮಿನ ಇಡೀ ವರದಿ ಕೇಳುವ ಮೂವರು ಬಿದ್ದರೆ ಅಲ್ಲಿ ಪಾಳಿ, ಪಕ್ಕದಲ್ಲಿ ಖಾಲಿ. ಯಾರ ಕೈಲಿ ಕಡಿಮೆ ಕೆಲಸವಿದೆಯೋ ಅವರಿಗೆ ಕೊಡುವ ಲೀಸ್ಟ್ ಕಾನ್ ನಮ್ಮಂಥವರಿಗೆ ಹೆಚ್ಚು ಒಗ್ಗುತ್ತದೆ. ಸರ್ವರ್‌ಗಳು ಹತ್ತಾರು, ಪ್ರಾಕ್ಸಿಗಳೂ ಹಲವು ಇದ್ದರೆ ಮಾತ್ರ ಎರಡನ್ನು ಚೀಟಿ ಎತ್ತಿ ಅವುಗಳಲ್ಲಿ ಬಿಡುವಾಗಿರುವುದಕ್ಕೆ ಕೊಡುವ ವಿಧಾನ ನೋಡಿ.

ಐಪಿ ಹ್ಯಾಶ್ ಬಗ್ಗೆ ಎಚ್ಚರ. ಒಂದೇ ಐಪಿಯವರು ಯಾವಾಗಲೂ ಒಂದೇ ಸರ್ವರ್‌ಗೆ ಹೋಗಲಿ ಎಂಬುದು ಅದರ ಉದ್ದೇಶ. ಮೊಬೈಲ್ ಜಾಲಗಳಲ್ಲಿ ಸಾವಿರಾರು ಫೋನುಗಳು ಒಂದೇ ಐಪಿಯ ಹಿಂದೆ ಅಡಗಿರುತ್ತವೆ. ಸಾಲದ್ದಕ್ಕೆ ಎಂಜಿನ್‌ಎಕ್ಸ್ ಐಪಿವಿ4 ವಿಳಾಸದ ಮೊದಲ ಮೂರು ಭಾಗಗಳನ್ನಷ್ಟೇ ನೋಡುತ್ತದೆ. ಅರ್ಧ ಜಿಲ್ಲೆ ಒಂದೇ ಸರ್ವರ್ ಮೇಲೆ ಬಂದು ಕೂತದ್ದನ್ನು ನೋಡಿದ್ದೇವೆ. ಲಾಗಿನ್ ಉಳಿಯಬೇಕೆಂದರೆ ಯಾರು ಒಳಗಿದ್ದಾರೆ ಎಂಬ ನೆನಪಾದ ಸೆಷನ್ ಅನ್ನು ರೆಡಿಸ್ ಎಂಬ ಮೆಮೊರಿ ಸಂಗ್ರಹದಲ್ಲೋ ಡೇಟಾಬೇಸ್‌ನಲ್ಲೋ ಇಡಿ.

ಒಂದು ಸರ್ವರ್ ಬಿದ್ದರೆ ಇನ್ನೊಂದು ತಾನಾಗಿ ಹೊರುತ್ತದಲ್ಲವೇ?

ಹೊರುತ್ತದೆ, ಹೊರುವ ತಾಕತ್ತಿದ್ದರೆ. ಎಂಜಿನ್‌ಎಕ್ಸ್‌ನ ಲೆಕ್ಕದಲ್ಲಿ, ನೀವು ಬದಲಿಸದಿದ್ದರೆ, ಒಂದೇ ಒಂದು ವಿಫಲ ಯತ್ನಕ್ಕೆ ಆ ಸರ್ವರ್ 10 ಸೆಕೆಂಡು ಹೊರಗೆ. ಗದ್ದಲದ ಹೊತ್ತಿನಲ್ಲಿ ಒಂದು ಟೈಮ್‌ಔಟ್ ಆಗುವುದು ಸಹಜ. ಅಷ್ಟಕ್ಕೇ ಅದರ ಪಾಲೆಲ್ಲ ಪಕ್ಕದವನ ಹೆಗಲಿಗೆ, ಅವನೂ ಕುಸಿಯುತ್ತಾನೆ. ಲಾಗ್‌ನಲ್ಲಿ ಜೀವಂತ ಅಪ್‌ಸ್ಟ್ರೀಮ್ (ಅಂದರೆ ಬ್ಯಾಕೆಂಡ್) ಯಾವುದೂ ಇಲ್ಲ ಎಂಬ ಸಾಲು. ಎರಡೂ ಸರ್ವರ್‌ಗಳು ಆರೋಗ್ಯವಾಗಿಯೇ ಇದ್ದವು, ಸ್ವಲ್ಪ ನಿಧಾನವಾಗಿದ್ದವು ಅಷ್ಟೇ. ಆ ಮಿತಿಯನ್ನು ಮೂರಕ್ಕೋ ಐದಕ್ಕೋ ಏರಿಸಿ. ಗುಂಪಿನಲ್ಲಿ ಒಂದೇ ಸರ್ವರ್ ಇದ್ದರೆ ಈ ನಿಯಮ ಅನ್ವಯವಾಗುವುದೇ ಇಲ್ಲ.

ಪ್ರಾಕ್ಸಿ ಮರುಪ್ರಯತ್ನ ಮಾಡಿದರೆ ರೈತನ ಅರ್ಜಿ ಎರಡು ಸಲ ದಾಖಲಾಗುವುದಿಲ್ಲವೇ?

1.9.13ನೇ ಆವೃತ್ತಿಯಿಂದ ಈಚೆಗೆ, ಒಮ್ಮೆ ಬ್ಯಾಕೆಂಡ್‌ಗೆ ಕಳಿಸಿಯಾದ ಪೋಸ್ಟ್ ರಿಕ್ವೆಸ್ಟನ್ನು (ಅರ್ಜಿಯಂಥ ಮಾಹಿತಿ ಕಳಿಸುವಂಥದ್ದು) ಎಂಜಿನ್‌ಎಕ್ಸ್ ತಾನಾಗಿ ಇನ್ನೊಂದು ಸರ್ವರ್‌ಗೆ ಕಳಿಸುವುದಿಲ್ಲ. ನೀವೇ ಕೈಯಾರೆ ಒಪ್ಪಿಗೆ ಕೊಡಬೇಕು. ಕೊಡಬೇಡಿ. ಆದರೆ ಮನುಷ್ಯ ಗುಂಡಿಯನ್ನು ಎರಡು ಸಲ ಒತ್ತುವುದನ್ನು ಯಾವ ಪ್ರಾಕ್ಸಿಯೂ ತಡೆಯಲಾರದು. ಪ್ರತಿ ಅರ್ಜಿ ನಮೂನೆಗೂ ಒಂದು ವಿಶಿಷ್ಟ ಸಂಖ್ಯೆ ಕೊಟ್ಟು, ಡೇಟಾಬೇಸ್‌ನಲ್ಲಿ ಅದು ಎರಡನೇ ಸಲ ಬಾರದಂತೆ ಮಾಡುವುದು ನಿಮ್ಮ ಕೆಲಸ.

ಮರುಪ್ರಯತ್ನದ ಇನ್ನೊಂದು ಮುಖ ಗೋಲಗುಂಬಜ. ಪಿಸುಮಾತಿನ ಗ್ಯಾಲರಿಯಲ್ಲಿ ಒಂದು ಚಪ್ಪಾಳೆ ತಟ್ಟಿದರೆ ಮತ್ತೆ ಮತ್ತೆ ಕೇಳುತ್ತದೆ. ಮೊಬೈಲ್ ಆ್ಯಪ್ ಮೂರು ಸಲ ಯತ್ನಿಸುತ್ತದೆ, ಹೊರಗಿನ ಪ್ರಾಕ್ಸಿ ಮೂರು, ಒಳಗಿನ ಪ್ರಾಕ್ಸಿ ಮೂರು. ಒಬ್ಬ ರೈತ, ಇಪ್ಪತ್ತೇಳು ಚಪ್ಪಾಳೆ. ಅದೂ ಬ್ಯಾಕೆಂಡ್ ಮೊದಲೇ ಏದುಸಿರು ಬಿಡುತ್ತಿರುವ ಹೊತ್ತಿನಲ್ಲಿ. ಮರುಪ್ರಯತ್ನ ಯಾವುದಾದರೂ ಒಂದೇ ಹಂತದಲ್ಲಿ ಇರಲಿ.

ಒಂದೇ ಟೋಕನ್ ಇಬ್ಬರಿಗೆ ಹೋಯ್ತು. ಪ್ರಾಕ್ಸಿ ಒಬ್ಬೊಬ್ಬರನ್ನೇ ಬಿಡೋದಿಲ್ಲೇನ್ರಿ?

ಬಿಡುವುದಿಲ್ಲ, ಬಿಡಲೂಬಾರದು. ಇಬ್ಬರೂ ಒಂದೇ ಕ್ಷಣ ಎರಡು ವರ್ಕರ್ ಒಳಗೆ ಹೊಕ್ಕು, ಇಬ್ಬರೂ ಕೊನೆಯ ಟೋಕನ್ 118 ಎಂದು ಓದಿ, ಇಬ್ಬರೂ 119 ಬರೆದರು. ಇದು ಡೇಟಾಬೇಸ್ ಟ್ರಾನ್ಸಾಕ್ಷನ್‌ನಲ್ಲಿ ಸರಿಪಡಿಸಬೇಕಾದದ್ದು. ಬ್ಯಾಕೆಂಡ್ ಒಂದೇ ವರ್ಕರ್‌ನಲ್ಲಿ ಓಡುತ್ತಿದ್ದಾಗ ಈ ತಪ್ಪು ಕಾಣುತ್ತಿರಲಿಲ್ಲ ಎಂಬ ಕಾರಣಕ್ಕೆ ಪ್ರಾಕ್ಸಿಯನ್ನು ಬೈಯಬೇಡಿ.

ಬ್ಯಾಕೆಂಡ್ ಜೊತೆಗಿನ ಕನೆಕ್ಷನ್ ತೆರೆದೇ ಇಡಬೇಕೇ?

ಇಡಿ. ಪ್ರತಿ ರಿಕ್ವೆಸ್ಟ್‌ಗೂ ಹೊಸ ಕನೆಕ್ಷನ್ ಎಂದರೆ ಪ್ರತಿ ಟ್ರಾಲಿಗೂ ಗೇಟ್ ಬೀಗ ತೆಗೆದು ಹಾಕಿದಂತೆ. ಅದಕ್ಕಿಂತ ದೊಡ್ಡ ತೊಡಕು ಪೋರ್ಟುಗಳದು, ಅಂದರೆ ಒಂದೊಂದು ಕನೆಕ್ಷನ್‌ಗೂ ಯಂತ್ರ ಹಚ್ಚುವ ಸಂಖ್ಯೆಗಳದು. ಹೊರಹೋಗುವ ಕನೆಕ್ಷನ್‌ಗೆ ಲಿನಕ್ಸ್ 32768ರಿಂದ 60999ರವರೆಗಿನ ಪೋರ್ಟುಗಳನ್ನು ಬಳಸುತ್ತದೆ, 28 ಸಾವಿರ ಚಿಲ್ಲರೆ. ಪ್ರಾಕ್ಸಿ ತಾನೇ ಮುಚ್ಚಿದ ಕನೆಕ್ಷನ್ ಟೈಮ್-ವೇಟ್ ಎಂಬ ಸ್ಥಿತಿಯಲ್ಲಿ 60 ಸೆಕೆಂಡು ಉಳಿಯುತ್ತದೆ. ಭಾಗಿಸಿ ನೋಡಿ: ಒಂದು ಬ್ಯಾಕೆಂಡ್ ವಿಳಾಸಕ್ಕೆ ಸೆಕೆಂಡಿಗೆ 470ರ ಆಸುಪಾಸಿನಲ್ಲಿ ಪೋರ್ಟ್ ತೀರುವ ಅಪಾಯ.

ಎಂಜಿನ್‌ಎಕ್ಸ್ ಬಹುಕಾಲ ಬ್ಯಾಕೆಂಡ್ ಜೊತೆ ಎಚ್‌ಟಿಟಿಪಿ 1.0ರಲ್ಲೇ ಮಾತಾಡುತ್ತಿತ್ತು. ಹಾಗಾಗಿ ಅಂಥ ಆವೃತ್ತಿಗಳಲ್ಲಿ, ಕನೆಕ್ಷನ್ ತೆರೆದಿಡುವ ಕೀಪ್-ಅಲೈವ್ ಸಾಲಿನ ಜೊತೆ 1.1 ಎಂದು ಬರೆಯಬೇಕು, ಕನೆಕ್ಷನ್ ಹೆಡರ್ ಅನ್ನು ಖಾಲಿ ಮಾಡಬೇಕು. ಅಲ್ಲಿ ಬರೆಯುವ 32 ಎಂಬ ಸಂಖ್ಯೆ ಒಟ್ಟು ಮಿತಿಯಲ್ಲ. ಒಂದು ವರ್ಕರ್ ಎಷ್ಟು ಬಿಡುವಿನ ಕನೆಕ್ಷನ್‌ಗಳನ್ನು ಕೈಲಿಟ್ಟುಕೊಳ್ಳಬೇಕು ಎಂಬುದಷ್ಟೇ.

ಇಲ್ಲಿ ಒಂದು ಹಳೆಯ ಪೀಡೆಯಿದೆ. ಗದ್ದಲವೇ ಇಲ್ಲದ ನಡುಮಧ್ಯಾಹ್ನ, ಸಾವಿರಕ್ಕೆ ಒಂದೆರಡು 502. ಕಾರಣ: ಕೆಲವು ಬ್ಯಾಕೆಂಡ್‌ಗಳನ್ನು ಓಡಿಸುವ ನೋಡ್ ಜೆಎಸ್ ಬಹುಕಾಲದಿಂದ ಬಿಡುವಿನ ಕನೆಕ್ಷನ್ ಅನ್ನು 5 ಸೆಕೆಂಡಿಗೆ ಮುಚ್ಚುತ್ತದೆ, ಎಂಜಿನ್‌ಎಕ್ಸ್ 60 ಸೆಕೆಂಡು ಇಟ್ಟುಕೊಳ್ಳುತ್ತದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಅದು ಮುಚ್ಚುವ ಗಳಿಗೆಯಲ್ಲೇ ಇದು ರಿಕ್ವೆಸ್ಟ್ ಕಳಿಸಿಬಿಡುತ್ತದೆ. ಬ್ಯಾಕೆಂಡ್‌ನ ಹೊತ್ತು ಯಾವಾಗಲೂ ಪ್ರಾಕ್ಸಿಯದಕ್ಕಿಂತ ಹೆಚ್ಚಿರಬೇಕು. ನಾವು 65 ಇಡುತ್ತೇವೆ.

60 ಸೆಕೆಂಡಿನ ಟೈಮ್‌ಔಟ್ ಇದ್ದರೂ ಮೂರು ನಿಮಿಷದ ಡೌನ್‌ಲೋಡ್ ಹೇಗೆ ನಡೆಯಿತು?

ಆ 60 ಸೆಕೆಂಡು ಇಡೀ ಉತ್ತರಕ್ಕಲ್ಲ, ಎರಡು ಓದುಗಳ ನಡುವಿನ ಅಂತರಕ್ಕೆ. ಬ್ಯಾಕೆಂಡ್ 59 ಸೆಕೆಂಡಿಗೊಮ್ಮೆ ಒಂದು ಅಕ್ಷರ ಕಳಿಸುತ್ತಿದ್ದರೆ ಪ್ರಾಕ್ಸಿ ದಿನವಿಡೀ ಕೂತಿರುತ್ತದೆ.

ರೇಟ್ ಲಿಮಿಟ್ ಹಾಕಿದ ಮೇಲೆ ನಮ್ಮ ಕಚೇರಿಯವರಿಗೇ ಸೈಟ್ ತೆರೆಯುತ್ತಿಲ್ಲ.

ರೇಟ್ ಲಿಮಿಟ್ ಎಂದರೆ ಒಂದು ಐಪಿಯಿಂದ ಸೆಕೆಂಡಿಗೆ ಎಷ್ಟು ರಿಕ್ವೆಸ್ಟ್ ಒಪ್ಪಬೇಕು ಎಂಬ ಮಿತಿ. ಸೆಕೆಂಡಿಗೆ 10 ಎಂದು ಬರೆದರೆ ಎಂಜಿನ್‌ಎಕ್ಸ್ ಅದನ್ನು 100 ಮಿಲಿಸೆಕೆಂಡಿಗೆ ಒಂದು ಎಂದು ಓದುತ್ತದೆ. ಒಂದು ಪುಟ ತೆರೆದರೆ ಬ್ರೌಸರ್ ಚಿತ್ರ, ಸ್ಟೈಲ್ ಎಂದು ಹತ್ತು ಕೋರಿಕೆಗಳನ್ನು ಒಮ್ಮೆಗೇ ಕಳಿಸುತ್ತದೆ. ಮಿತಿ ಮೀರಿ ಒಮ್ಮೆಗೇ ಬಂದವನ್ನೂ ಒಪ್ಪಿಕೊಳ್ಳುವ ಬರ್ಸ್ಟ್ ಕೊಟ್ಟಿಲ್ಲದಿದ್ದರೆ ಒಂದು ಒಳಗೆ, ಒಂಬತ್ತಕ್ಕೆ 503. ಬರ್ಸ್ಟ್ 20 ಎಂದು ಕೊಡಿ. ಅದರ ಜೊತೆ ನೋಡಿಲೇ ಎಂದು ಬರೆಯದಿದ್ದರೆ ಆ ಇಪ್ಪತ್ತನ್ನು 100 ಮಿಲಿಸೆಕೆಂಡಿಗೊಂದರಂತೆ ಬಿಡುತ್ತದೆ, ಬರೆದರೆ ಕೂಡಲೇ ಬಿಡುತ್ತದೆ. ಸ್ಥಿತಿ ಸಂಖ್ಯೆಯನ್ನು 429ಕ್ಕೆ (ಕೋರಿಕೆಗಳು ವಿಪರೀತ ಎಂಬ ಅರ್ಥದ್ದು) ಬದಲಿಸಿ, ಇಲ್ಲದಿದ್ದರೆ ಲಾಗ್‌ನಲ್ಲಿ ನಿಜವಾದ 503 ಯಾವುದು ಎಂದು ತಿಳಿಯದು. ಕಚೇರಿಯ ಮೂವತ್ತು ಕಂಪ್ಯೂಟರ್‌ಗಳೂ ಹೊರಗೆ ಒಂದೇ ಐಪಿಯಾಗಿ ಕಾಣುತ್ತವೆ ಎಂಬುದನ್ನು ಇಲ್ಲಿಯೂ ಮರೆಯಬೇಡಿ.

ಎಲ್ಲರೂ ಒಂದೇ ಪುಟ ಕೇಳಿದಾಗ?

ಪ್ರಾಕ್ಸಿ ನಿಜಕ್ಕೂ ಪಾಳಿ ಕಡಿಮೆ ಮಾಡುವ ಒಂದೇ ಜಾಗ ಇದು. ಪುಟ ಕ್ಯಾಶ್‌ನಲ್ಲಿ ಇನ್ನೂ ಇಲ್ಲದಿರುವಾಗ ಐನೂರು ಮಂದಿ ಬಂದರೆ ಐನೂರೂ ಬ್ಯಾಕೆಂಡ್‌ಗೆ ನುಗ್ಗುತ್ತವೆ. ಕ್ಯಾಶ್ ಲಾಕ್ ಆನ್ ಮಾಡಿದರೆ ಒಬ್ಬನೇ ಒಳಗೆ ಹೋಗಿ ತರುತ್ತಾನೆ, ಉಳಿದವರು ಅದನ್ನೇ ಹಂಚಿಕೊಳ್ಳುತ್ತಾರೆ. ಆದರೆ ಅವನು 5 ಸೆಕೆಂಡಿನಲ್ಲಿ ಬಾರದಿದ್ದರೆ ಕಾದವರೆಲ್ಲ ಒಳಗೆ ನುಗ್ಗುತ್ತಾರೆ. ಕ್ಯಾಶ್‌ನಲ್ಲಿದ್ದು ಹಳತಾದ ಪುಟಕ್ಕೆ ಈ ಲಾಕ್ ಅನ್ವಯವಾಗುವುದೂ ಇಲ್ಲ. ಅದಕ್ಕೇ ಹೊಸದು ಬರುವತನಕ ಹಳೆಯದನ್ನೇ ಕೊಡುವ ಆಯ್ಕೆಯನ್ನೂ ಜೊತೆಗೆ ಹಾಕುತ್ತೇವೆ. ಲಾಗಿನ್ ಆದವರ ಪುಟಕ್ಕೆ ಇದನ್ನು ಹಚ್ಚಬೇಡಿ. ಒಬ್ಬರ ಬಿಲ್ ಇನ್ನೊಬ್ಬರಿಗೆ ಕಂಡರೆ ಫೋನ್ ಬರುವುದಿಲ್ಲ, ಮಂದಿಯೇ ಬರುತ್ತಾರೆ.

ಲ್ಯಾಪ್‌ಟಾಪ್‌ನಿಂದ ಲೋಡ್ ಟೆಸ್ಟ್ ಮಾಡಿದೆವು, ಎಲ್ಲ ಸರಿಯಿತ್ತು. ಲೈವ್‌ನಲ್ಲಿ ಯಾಕೆ ಬಿತ್ತು?

ಬಹಳಷ್ಟು ಟೆಸ್ಟ್ ಸಾಧನಗಳು ಸಭ್ಯ. 50 ಬಳಕೆದಾರರು ಎಂದರೆ, ಒಬ್ಬೊಬ್ಬನೂ ಉತ್ತರ ಬಂದ ಮೇಲೆಯೇ ಮುಂದಿನದನ್ನು ಕೇಳುತ್ತಾನೆ. ಸರ್ವರ್ ನಿಧಾನವಾದರೆ ಅವರೂ ನಿಧಾನವಾಗುತ್ತಾರೆ, ಪಾಳಿ 50 ದಾಟುವುದೇ ಇಲ್ಲ. ಮೆಸೇಜ್ ನೋಡಿ ಬರುವ ರೈತನಿಗೆ ನಿಮ್ಮ ಸರ್ವರ್ ನಿಧಾನವಾಗಿದೆ ಎಂದು ಮೊದಲೇ ಗೊತ್ತಿರುವುದಿಲ್ಲ. ಉತ್ತರ ಬಂದರೂ ಬಾರದಿದ್ದರೂ ಸೆಕೆಂಡಿಗೆ ಇಷ್ಟು ಎಂದು ಕಳಿಸುತ್ತಲೇ ಇರುವ ಸಾಧನ ಬಳಸಿ. ಡಬ್ಲ್ಯೂಆರ್‌ಕೆ2 ಹಾಗೆ ಮಾಡುತ್ತದೆ, ಕೆ6ನಲ್ಲೂ ಆ ಬಗೆ ಇದೆ. ಮತ್ತು ನಿಮ್ಮ ಲ್ಯಾಪ್‌ಟಾಪ್ ಸರ್ವರ್ ಪಕ್ಕದ ವೈರಿನಲ್ಲಿರುತ್ತದೆ, ಟವರಿನ ಒಂದೇ ಗೆರೆಯಲ್ಲಲ್ಲ.

ಲಾಗ್‌ನಲ್ಲಿ ಮೊದಲು ಏನು ನೋಡಬೇಕು?

ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿ ಬರೆಸಿ: ಒಟ್ಟು ರಿಕ್ವೆಸ್ಟ್ ಟೈಮ್ ಮತ್ತು ಅಪ್‌ಸ್ಟ್ರೀಮ್ ರೆಸ್ಪಾನ್ಸ್ ಟೈಮ್. ಮೊದಲನೆಯದು 15 ಸೆಕೆಂಡು, ಎರಡನೆಯದು 0.1 ಎಂದಿದ್ದರೆ ಫೋನು ನಿಧಾನ, ನೀವು ಮನೆಗೆ ಹೋಗಬಹುದು. ಎರಡೂ 15 ಇದ್ದರೆ ಬ್ಯಾಕೆಂಡ್ ಕಡೆ ನಡೆಯಿರಿ. ಅಲ್ಲಿ ಅಪ್ಲಿಕೇಶನ್‌ನ ಸ್ವಂತ ಲಾಗ್ 0.2 ಎನ್ನುತ್ತಿದ್ದರೆ ಉಳಿದ 14.8 ಸೆಕೆಂಡು ಆ ರಿಕ್ವೆಸ್ಟ್ ಗೇಟಿನಾಚೆಯ ಹೆದ್ದಾರಿಯಲ್ಲಿ ನಿಂತಿತ್ತು.